ಹೊಟ್ಟೆಗೆ ಹಾಕಿದ ಹೊಲಿಗೆ, ಗಂಟಲಿಗೆ ಇಳಿದ ಮುದ್ದೆ

ನಮ್ಮ ಕಡೆ ಹೊಟ್ಟೆಯಿಂದ ಗಂಟಲವರೆಗೆ ಏನೇ ಆದರೂ ಅದಕ್ಕೆ ಒಂದೇ ಹೆಸರು, ಗ್ಯಾಸ್ಟ್ರಿಕ್. ಎದೆ ಉರಿದರೆ ಗ್ಯಾಸ್ಟ್ರಿಕ್, ತಲೆ ಸುತ್ತಿದರೆ ಗ್ಯಾಸ್ಟ್ರಿಕ್, ಸೊಸೆ ಮುಖ ಊದಿಸಿಕೊಂಡು ಕೂತರೂ ಗ್ಯಾಸ್ಟ್ರಿಕ್. ನನಗೂ ಎಷ್ಟೋ ವರ್ಷ ಅದೇ ಹೆಸರಿನಲ್ಲಿ ವೈದ್ಯ ನಡೆಯಿತು. ಜೀರಿಗೆ ನೀರು ಕುಡಿದೆ, ಮಜ್ಜಿಗೆ ಕುಡಿದೆ, ಅಂಗಡಿಯಲ್ಲಿ ಸಿಗುವ ಪುಡಿಯನ್ನು ನೀರಿಗೆ ಹಾಕಿ ಬುಸ್ ಎನ್ನುತ್ತಿರುವಾಗಲೇ ಕುಡಿದೆ. ಕುಡಿದ ಸ್ವಲ್ಪ ಹೊತ್ತು ತಣ್ಣಗಿರುತ್ತಿತ್ತು. ಆಮೇಲೆ ಒಮ್ಮೆ ಬಗ್ಗಿದರೆ ಸಾಕು, ಕುಡಿದದ್ದು, ತಿಂದದ್ದು, ಹುಳಿ, ಖಾರ ಎಲ್ಲ ಗಂಟಲಿಗೆ ವಾಪಸು.

ಬಗ್ಗದೆ ನಡೆಯುವ ಬದುಕು ನನ್ನದಲ್ಲ. ನನ್ನ ಹೆಸರು ಸರೋಜ. ಊರು ಕ್ಯಾಸಂಬಳ್ಳಿ ಹತ್ತಿರದ ಒಂದು ಸಣ್ಣ ಹಳ್ಳಿ. ಕೆಜಿಎಫ್ ಪೇಟೆಯಲ್ಲಿ ಕಿರಿದಾದ ಒಂದು ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಬಗ್ಗಿ ಹಾಲು ಕರೆಯಬೇಕು, ಬಗ್ಗಿ ಕೊಟ್ಟಿಗೆ ಗುಡಿಸಬೇಕು, ಕೋಲು ಹಿಡಿದು ಪಾತ್ರೆಯ ಮೇಲೆ ಬಗ್ಗಿ ಮುದ್ದೆ ತಿರುವಬೇಕು, ಆಮೇಲೆ ಬಸ್ಸು ಹತ್ತಿ ಬಂದು ಸಂಜೆಯವರೆಗೆ ಹೊಲಿಗೆ ಮಿಷನ್ನಿನ ಮೇಲೆ ಬಗ್ಗಿ ಕೂರಬೇಕು. ಈ ಕಾಯಿಲೆ ಬಂದವರಿಗೆ ಏನೇನು ಮಾಡಬಾರದೋ ಅದನ್ನೆಲ್ಲ ಸೇರಿಸಿ ದೇವರು ನನಗೆ ಉದ್ಯೋಗ ಕೊಟ್ಟಿದ್ದ.

ಹಗಲು ಹೇಗೋ ಕಳೆಯುತ್ತಿತ್ತು. ಮಲಗುವುದೇ ಆಗುತ್ತಿರಲಿಲ್ಲ. ಬೆನ್ನು ನೆಲಕ್ಕೆ ತಾಗಿದ ಕೂಡಲೇ ಹುಳಿ ನುಗ್ಗಿ ಉಸಿರು ಕಟ್ಟುತ್ತಿತ್ತು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ಅದಕ್ಕೆ ನಡುಮನೆಯ ಮೂಲೆಯಲ್ಲಿದ್ದ ರಾಗಿ ಮೂಟೆಗೆ ಒರಗಿ ಕೂತೇ ನಿದ್ದೆ ಮಾಡುವುದನ್ನು ಕಲಿತೆ. ವರ್ಷಗಟ್ಟಲೆ ಹಾಗೇ ನಿದ್ದೆ ಮಾಡಿದ್ದೇನೆ, ರೈಲಿನಲ್ಲಿ ಸೀಟು ಸಿಕ್ಕವರು ಮಾಡುವಂತೆ. ಮೂಟೆ ಖಾಲಿಯಾಗುತ್ತಾ ಬಂದರೆ ನನಗೆ ದಿಗಿಲು. ನಮ್ಮವರು ಆಂಜಿನಪ್ಪ, ಹಾಲಿನ ಡೈರಿಯಲ್ಲಿ ಕೆಲಸ, ಹೆಚ್ಚು ಮಾತಿಲ್ಲದ ಮನುಷ್ಯ. ರಾಗಿ ಮಿಲ್ಲಿಗೆ ಹೊರಟಾಗ ಮಾತ್ರ ಕೇಳುತ್ತಿದ್ದರು, "ಯಾವ್ ಮೂಟೆ ತಕ್ಕೊಂಡೋಗ್ಲಿ, ನಿಂದು ಬಿಟ್ಟು?"

ಡಾಕ್ಟರ ಹತ್ತಿರ ನನ್ನನ್ನು ಎಳೆದುಕೊಂಡು ಹೋದವರು ಮನೆಯವರಲ್ಲ, ಸೆಲ್ವಿ ಅಕ್ಕ. ಕೋರಮಂಡಲ್‌ನ ಗಣಿ ಕಾರ್ಮಿಕರ ಲೈನ್ ಮನೆಯವರು. ನನ್ನ ಹತ್ತಿರ ಬ್ಲೌಸು ಹೊಲಿಸಲು ಬಂದು ಬಂದು ಸ್ನೇಹಿತೆಯಾದವರು. ಅವರ ಅಪ್ಪ ಗಣಿಯಲ್ಲಿ ಕೆಲಸ ಮಾಡಿದವರು. ಒಂದು ದಿನ ಅವರ ಎದುರಿಗೇ ನಾನು ಕತ್ತರಿ ಕೆಳಗಿಟ್ಟು ಎದೆ ಒತ್ತಿಕೊಂಡು ಎದ್ದು ನಿಂತೆ.

"ಎನ್ನಮ್ಮಾ ಇದು, ಯಾವಾಗ್ ನೋಡಿದ್ರೂ ನೆಂಜು ಇಡ್ಕೊಂಡಿರ್ತೀಯಾ?" ಅಂದರು, ತಮ್ಮ ತಮಿಳು ಬೆರೆತ ಕನ್ನಡದಲ್ಲಿ.

"ಗ್ಯಾಸ್ಟ್ರಿಕ್ ಅಕ್ಕಾ."

"ನಮ್ಮಪ್ಪನೂ ಕೆಮ್ಮಿಗೆ ಇಂಗೇ ಒಂದ್ ಪೇರು ಇಟ್ಕೊಂಡಿದ್ರು. ಧೂಳಮ್ಮಾ, ಬರೀ ಧೂಳು ಅಂತ. ಪೇರು ಇಟ್ಕೊಂಡು ಇಟ್ಕೊಂಡೇ ಓಗ್ಬಿಟ್ರು. ನಾಳೆ ಅಂಗಡಿ ಮುಚ್ಚು, ಬಾ."

ಅಂಗಡಿ ಮುಚ್ಚಿದೆ. ಕೆಜಿಎಫ್‌ನ ಡಾಕ್ಟರು ಬಾಯಿಂದ ಪೈಪು ಬಿಟ್ಟು ನೋಡಬೇಕು ಎಂದರು. ನೋಡಿದ ಮೇಲೆ ಬೆಂಗಳೂರಿನ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿಂದಾಚೆಗೆ ನನ್ನ ಬದುಕು ಬಂಗಾರಪೇಟೆ ಸ್ಟೇಷನ್ನಿನ ಪ್ಲಾಟ್‌ಫಾರಂ ಮತ್ತು ಆಸ್ಪತ್ರೆಯ ಬೆಂಚು ಎರಡರ ನಡುವೆ ನಡೆಯಿತು. ಮೊದಲು ಮಾತ್ರೆಗಳನ್ನು ಬದಲಿಸಿ ಬದಲಿಸಿ ಕೊಟ್ಟು ನೋಡಿದರು. ಮಾತ್ರೆ ನುಂಗಿದರೆ ಉರಿ ಕಮ್ಮಿಯಾಗುತ್ತಿತ್ತು, ಆದರೆ ನೀರು ಮೇಲೆ ಬರುವುದು ನಿಲ್ಲಲಿಲ್ಲ. ಖಾರ ಇಲ್ಲದ ನೀರು ಬರುತ್ತಿತ್ತು, ಅಷ್ಟೇ ವ್ಯತ್ಯಾಸ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಭಯ ತಡೆಯಲು ನನಗೆ ಒಂದು ಉಪಾಯ ಇತ್ತು. ಎದುರಿಗೆ ಕೂತವರ ಬ್ಲೌಸು ನೋಡುವುದು. ಇವಳಿಗೆ ತೋಳು ಬಿಗಿ ಇಟ್ಟಿದ್ದಾರೆ. ಅವಳ ಬೆನ್ನಿನ ಕಟಿಂಗ್ ಚೆನ್ನಾಗಿದೆ, ಆದರೆ ಲೈನಿಂಗು ಸುಕ್ಕು. ಯಾರು ಹೊಲಿದದ್ದೋ ಪಾಪ, ಬಟ್ಟೆ ಕಮ್ಮಿ ಕೊಟ್ಟಿರಬೇಕು. ಹೀಗೆ ಎಲ್ಲರದೂ ಹೊಲಿಗೆ ತೆಗೆದು ಮನಸ್ಸಿನಲ್ಲೇ ಮತ್ತೆ ಹೊಲಿಯುತ್ತಾ ಕೂತರೆ ನನ್ನ ಹೆಸರು ಕೂಗುವವರೆಗೆ ಹೊತ್ತು ಹೋಗುತ್ತಿತ್ತು. ಮೂಗಿನಲ್ಲಿ ಸಣ್ಣ ನಳಿಗೆ ಇಟ್ಟು ಒಂದು ದಿನ ಪೂರ್ತಿ ಹುಳಿ ಅಳೆದಾಗಲೂ ನಾನು ಹಾಗೇ ಕೂತಿದ್ದೆ. ನನ್ನ ಮೂಗು ನೋಡಿ ಜನ ದೂರ ಸರಿದು ಕೂರುತ್ತಿದ್ದರು, ನಾನು ಅವರ ಬ್ಲೌಸಿನ ಕುತ್ತಿಗೆಗೆ ಕೊಟ್ಟ ಪೈಪಿಂಗ್ ಅಂಚು ನೋಡುತ್ತಿದ್ದೆ.

ಕೊನೆಗೆ ಆಪರೇಷನ್ ಡಾಕ್ಟರು ನನ್ನನ್ನೂ ನಮ್ಮವರನ್ನೂ ಕೂರಿಸಿಕೊಂಡು ಹೇಳಿದರು. ಹೊಟ್ಟೆ ಮತ್ತು ಅನ್ನನಾಳ ಸೇರುವ ಜಾಗ ಸಡಿಲವಾಗಿದೆ, ಹೊಟ್ಟೆಯ ಮೇಲಿನ ತುದಿಯನ್ನು ಅನ್ನನಾಳದ ಸುತ್ತ ಸುತ್ತಿ ಹೊಲಿಗೆ ಹಾಕುತ್ತೇವೆ ಅಂದರು.

"ಕಾಲರ್ ಇಟ್ಟಂಗೆ," ಅಂದೆ.

ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. "ಹೌದಮ್ಮ. ಹೆಚ್ಚು ಕಮ್ಮಿ ಹಾಗೇ."

"ಎಷ್ಟು ಸಡಿಲ ಬಿಡ್ತೀರ ಸಾರ್?"

"ಅದೇ ನೋಡಿ ಇದರಲ್ಲಿ ಇರೋ ಕಷ್ಟ. ಬಿಗಿಯಾದರೆ ಊಟ ಇಳಿಯಲ್ಲ, ಸಡಿಲವಾದರೆ ಹುಳಿ ನಿಲ್ಲಲ್ಲ."

"ಹೊಲಿಗೆ ಎಷ್ಟು ವರ್ಷ ಬಾಳ್ತದೆ?"

"ತುಂಬಾ ಜನಕ್ಕೆ ತುಂಬಾ ವರ್ಷ ಚೆನ್ನಾಗಿರುತ್ತೆ. ಕೆಲವರಿಗೆ ಹೋಗ್ತಾ ಹೋಗ್ತಾ ಮತ್ತೆ ಮಾತ್ರೆ ಬೇಕಾಗುತ್ತೆ. ಅಪರೂಪಕ್ಕೆ ಕೆಲವರಿಗೆ ಇನ್ನೊಂದು ಸಲ ಆಪರೇಷನ್ ಮಾಡಬೇಕಾಗುತ್ತೆ. ನೀವು ಯಾರ ಸಾಲಿಗೆ ಸೇರ್ತೀರ ಅಂತ ನಾನು ಈಗಲೇ ಹೇಳಕ್ಕಾಗಲ್ಲ."

ಆ ಮಾತಿಗೇ ನನಗೆ ಅವರ ಮೇಲೆ ನಂಬಿಕೆ ಬಂದದ್ದು. ನಾನೂ ಗಿರಾಕಿಗಳಿಗೆ ಹೀಗೇ ಹೇಳುವುದು. ಜನ್ಮಪೂರ್ತಿ ಬಿಡುವುದಿಲ್ಲ ಎಂದು ಹೊಲಿಗೆಗೆ ಗ್ಯಾರಂಟಿ ಕೊಡುವ ಟೈಲರನ್ನು ನಾನು ನಂಬುವುದಿಲ್ಲ. ಆಪರೇಷನ್ ಆದ ಮೇಲೆ ಕೆಲವು ವಾರ ನೀರಾಗಿರುವುದು, ಆಮೇಲೆ ಮೆತ್ತಗಿರುವುದು ಮಾತ್ರ ತಿನ್ನಬೇಕು ಎಂದು ಅವರು ಹೇಳಿದರು. ಸರಿ ಸಾರ್ ಅಂದೆ. ಬಾಯಿ ತುದಿಯವರೆಗೆ ಬಂದಿದ್ದ ಇನ್ನೊಂದು ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ, ಅಷ್ಟು ತಣ್ಣನೆಯ ರೂಮಿನಲ್ಲಿ ಕೂತು ಮುದ್ದೆಯ ವಿಷಯ ಎತ್ತಲು ನಾಚಿಕೆಯಾಯಿತು.

ಮನೆಗೆ ಬಂದ ಕೂಡಲೇ ಅತ್ತೆ ಕೇಳಿದ್ದು ಅದನ್ನೇ. ಅತ್ತೆ ಮುನಿಯಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಹೊಟ್ಟೆ ಕೊಯ್ಯುತ್ತಾರಂತೆ, ಸುತ್ತಿ ಹೊಲಿಯುತ್ತಾರಂತೆ ಎಂದು ಮಗ ಹೇಳಿದ್ದನ್ನೆಲ್ಲ ಕೈ ನಿಲ್ಲಿಸದೆ ಕೇಳಿಸಿಕೊಂಡರು.

"ಅದೆಲ್ಲಾ ಸರಿ. ಇಟ್ಟು ಇಳೀತದಾ ಅಂತ ಕೇಳ್ದೇನಮ್ಮೀ?"

ಹಿಟ್ಟು ಅಂದರೂ ಮುದ್ದೆ ಅಂದರೂ ನಮ್ಮಲ್ಲಿ ಒಂದೇ. "ಮೆತ್ತಗಿರೋದು ಏನ್ ಬೇಕಾದ್ರೂ ತಿನ್ಬೌದಂತೆ ಅತ್ತೆ," ಅಂದೆ.

"ಮತ್ತಿನ್ನೇನು? ಇಟ್ಟಿಗಿಂತ ಮೆತ್ತಗಿರೋದು ಈ ಪರಪಂಚದಾಗೆ ಏನೈತೆ? ಮಾಡ್ಸು ಆಪರೇಸನ್ನು."

ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಯಿತು. ನನಗೂ ಆಯಿತು.

ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಬೆರಳಲ್ಲಿ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ, ನುಂಗುವುದು. ಹಲ್ಲಿಗೆ ಸಿಕ್ಕರೆ ಅಂಟಿಕೊಂಡು ರಗಳೆ. ಮಗುವಿಗೆ ಮುದ್ದೆ ನುಂಗಲು ಬಂತು ಅಂದರೆ ಅದು ದೊಡ್ಡದಾಯಿತು ಎಂದು ಲೆಕ್ಕ. ಬೆಂಗಳೂರಿನಿಂದ ಬಂದ ನೆಂಟರೊಬ್ಬರು ಒಮ್ಮೆ ಪಂಕ್ತಿಯಲ್ಲಿ ಕೂತು ಮುದ್ದೆ ಅಗಿಯುತ್ತಿದ್ದದ್ದನ್ನು ನೋಡಿ ಅತ್ತೆ, "ಏನಪ್ಪಾ, ಎಲೆ ಅಡಿಕೆ ಅಂದ್ಕೊಂಡ್ಯಾ?" ಎಂದು ಕೇಳಿ ಆ ಮನುಷ್ಯ ತಲೆ ಎತ್ತದಂತೆ ಮಾಡಿದ್ದರು. ಅಂಥ ಮನೆಯ ಸೊಸೆ ನಾನು. ಆಪರೇಷನ್ ಆದರೆ ಮಲಗಲು ಆಗುತ್ತದೆ, ಆದರೆ ಪಂಕ್ತಿಯಲ್ಲಿ ಕೂತು ಮುದ್ದೆ ನುಂಗಲು ಆಗದೇ ಹೋದರೆ ಎನ್ನುವ ಭಯ ನನಗೆ ಕತ್ತರಿಯ ಭಯಕ್ಕಿಂತ ದೊಡ್ಡದಾಗಿತ್ತು. ಹೇಳಿಕೊಂಡರೆ ನಗುತ್ತಾರೆಂದು ಯಾರಿಗೂ ಹೇಳಿರಲಿಲ್ಲ.

ಆಪರೇಷನ್ ದಿನ ನನಗೆ ನೆನಪಿರುವುದು ಆಸ್ಪತ್ರೆಯ ಗೌನು ಮಾತ್ರ. ಹಿಂದೆ ಕಟ್ಟುವ ಲಾಡಿ, ಅದೂ ಕೈಗೆ ಎಟುಕದ ಕಡೆ. ಇದನ್ನು ಕಟ್ ಮಾಡಿದವನು ಯಾರು, ಕಾಯಿಲೆಯವರಿಗೆ ಬೆನ್ನಲ್ಲಿ ಕಣ್ಣಿದೆಯಾ ಎಂದು ನರ್ಸಿಗೆ ಬೈಯುತ್ತಲೇ ಇದ್ದೆನಂತೆ. ಬೈಯುತ್ತಲೇ ಮಂಪರು ಬಂತು.

ಮಾರನೇ ದಿನ ಮಧ್ಯಾಹ್ನ ಒಬ್ಬ ನರ್ಸ್ ಬಂದು, "ಅಮ್ಮಾ, ಹಾಸಿಗೆ ತಲೆ ಕಡೆ ಸ್ವಲ್ಪ ಇಳಿಸಲಾ?" ಎಂದು ಕೇಳಿದಳು. ನಾನು ಬೇಡ ಅಂದೆ. "ಸ್ವಲ್ಪ ನೋಡೋಣ," ಎಂದು ಹಿಡಿ ತಿರುಗಿಸಿದಳು. ಹಾಸಿಗೆ ಇಳಿಯಿತು. ನಾನು ಎರಡೂ ಕೈಯಲ್ಲಿ ಮಂಚದ ಕಂಬಿ ಹಿಡಿದು ಹುಳಿ ಬರುವುದನ್ನೇ ಕಾದೆ. ಇನ್ನೂ ಸ್ವಲ್ಪ ಇಳಿಸಿದಳು. ಹುಳಿ ಬರಲಿಲ್ಲ. ಬೆನ್ನು ಪೂರ್ತಿ ಹಾಸಿಗೆಗೆ ತಾಗಿತು, ಮೇಲೆ ಫ್ಯಾನು ತಿರುಗುತ್ತಿತ್ತು. ಫ್ಯಾನನ್ನು ನೇರವಾಗಿ ಕೆಳಗಿನಿಂದ ನೋಡಿ ಎಷ್ಟು ವರ್ಷವಾಗಿತ್ತೋ. ಹೊಟ್ಟೆಯ ಮೇಲಿನ ಸಣ್ಣ ತೂತುಗಳೆಲ್ಲ ನೋಯುತ್ತಿದ್ದರೂ ನಾನು ಅತ್ತದ್ದು ಸಂತೋಷಕ್ಕೆ. ನೋವಾ ಎಂದು ಆ ಹುಡುಗಿ ಕೇಳಿದಳು. ಇಲ್ಲಮ್ಮ, ಮಲಗಿದ್ದೀನಿ ಅಂದೆ.

ಊರಿಗೆ ಬಂದು ಗಂಜಿ ಕುಡಿದೆ, ಮೊಸರು ಕುಡಿದೆ, ಬೇಳೆಯ ತಿಳಿ ಕುಡಿದೆ. ರಾಗಿ ಮೂಟೆ ಮೂಲೆಯಲ್ಲಿ ಒಂಟಿಯಾಗಿ ನಿಂತಿತ್ತು. ನಮ್ಮವರು ಒಂದು ದಿನ ಅದನ್ನೇ ಹೊತ್ತುಕೊಂಡು ಮಿಲ್ಲಿಗೆ ಹೋದರು, ಕೇಳಲೇ ಇಲ್ಲ. ನೀರಿನ ವಾರಗಳು ಮುಗಿದು ಮೆತ್ತಗಿನ ಊಟದ ವಾರ ಬಂತು. ಆ ಭಾನುವಾರ ಅತ್ತೆ ಬೆಳಿಗ್ಗೆಯಿಂದಲೇ ಸಂಭ್ರಮ ಹಚ್ಚಿದರು. ಸೊಪ್ಪು ಬಸಿದು ಬಸ್ಸಾರು ಮಾಡಿದರು, ನನಗಾಗಿಯೇ ಖಾರ ಕಮ್ಮಿ ಹಾಕಿ. ಮುದ್ದೆ ತಾವೇ ತಿರುವಿದರು. ಗಂಟಿಲ್ಲದೆ, ಹೊಳೆಯುವಂಥ ಮುದ್ದೆ. ತಟ್ಟೆಗೆ ಹಾಕಿ ಎದುರಿಗೇ ಕೂತರು.

ಮುರಿದೆ, ಹೊರಳಿಸಿದೆ, ನುಂಗಿದೆ.

ಅದು ಎದೆಯ ನಡುವೆ ನಿಂತುಬಿಟ್ಟಿತು. ನಿಂತದ್ದು ಗೊತ್ತಾಗುವಷ್ಟರಲ್ಲಿ ಎರಡನೆಯ ತುತ್ತೂ ಅದರ ಹಿಂದೆ ಹೋಗಿ ನಿಂತಿತು. ನೀರು ಕುಡಿದರೆ ನೀರು ವಾಪಸು ಬಂತು. ಎಂಜಲು ನುಂಗಿದರೆ ಎಂಜಲೂ ವಾಪಸು. ವಾಂತಿ ಮಾಡೋಣ ಎಂದರೆ ವಾಂತಿ ಬರುವುದಿಲ್ಲ, ಹೊಲಿಗೆ ಹಾಕಿರುವುದೇ ಮೇಲೆ ಬರದಿರಲಿ ಎಂದು. ಎದೆ ಸೀಳಿದ ಹಾಗಾಗುತ್ತಿತ್ತು. ಅತ್ತೆ ಬೆನ್ನು ತಟ್ಟಿದರು, ತಲೆ ತಟ್ಟಿದರು, ಮನೆದೇವರನ್ನು ಕರೆದರು. ನಮ್ಮವರು ಬೈಕ್ ತೆಗೆದರು. ಹಿಂದೆ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಕೆಜಿಎಫ್ ಕಡೆಗೆ ಹೊರಟೆ. ಸತ್ತರೆ ಮುದ್ದೆ ತಿಂದು ಸತ್ತಳು ಅನ್ನುತ್ತಾರಲ್ಲ ಎಂದು ದಾರಿಯುದ್ದಕ್ಕೂ ಅದೇ ಯೋಚನೆ.

ಊರು ಬಿಟ್ಟು ಸ್ವಲ್ಪ ದೂರದಲ್ಲಿ ಒಂದು ಎತ್ತರದ ಹಂಪ್ ಇದೆ. ನಮ್ಮವರು ಗಾಬರಿಯಲ್ಲಿ ಅದನ್ನು ನೋಡಲಿಲ್ಲ. ಬೈಕು ಎಗರಿ ಕುಪ್ಪಳಿಸಿತು, ನಾನು ಎಗರಿ ಕೂತೆ, ಒಳಗೆ ಏನೋ ಜಾರಿತು. ಎದೆ ಖಾಲಿಯಾಯಿತು.

"ನಿಲ್ಸಿ," ಅಂದೆ. "ಇಳೀತು."

"ಯಾರು?"

"ಮುದ್ದೆ."

ರಸ್ತೆ ಪಕ್ಕದಲ್ಲೇ ನಿಂತು ಬೆಂಗಳೂರಿನ ಡಾಕ್ಟರಿಗೆ ಫೋನ್ ಮಾಡಿದೆವು. ಏನು ತಿಂದ್ರಿ ಎಂದು ಕೇಳಿದರು. ಮೆತ್ತಗಿರೋದೇ ಸಾರ್ ಅಂದೆ. ಏನು ಅಂತ ಹೇಳಿ ಅಂದರು. ಮುದ್ದೆ ಅಂದೆ.

"ಅಗಿದು ತಿಂದ್ರಾ?"

"ಮುದ್ದೆ ಯಾರು ಸಾರ್ ಅಗೀತಾರೆ?"

ಡಾಕ್ಟರು ಬೈಯಲಿಲ್ಲ. ಮೆತ್ತಗಿರುವುದು ಅಂದರೆ ಬಾಯಲ್ಲಿ ಕರಗಿ ನೀರಾಗುವಂಥದು, ಉಂಡೆಯಾಗಿ ಇಳಿಯುವಂಥದ್ದಲ್ಲ ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಒಳಗಿನ ಬಾವು ಇಳಿಯುವವರೆಗೆ ಮುದ್ದೆ ಮುಟ್ಟಬೇಡಿ, ಆಮೇಲೂ ಅಗಿದೇ ತಿನ್ನಿ, ಮತ್ತೆ ಸಿಕ್ಕಿಕೊಂಡು ಹೀಗೆ ನೀರೂ ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಬನ್ನಿ ಎಂದರು. ನಾನು ಮೊದಲೇ ಕೇಳಿದ್ದರೆ ಮೊದಲೇ ಹೇಳಿರುತ್ತಿದ್ದರು. ಅವರು ಮೆತ್ತಗೆ ಅಂದದ್ದಕ್ಕೆ ಇಡೀ ಮನೆ ಸೇರಿ ನಮಗೆ ಬೇಕಾದ ಅರ್ಥ ಹಚ್ಚಿಕೊಂಡಿದ್ದೆವು.

ಆಮೇಲಿನ ತಿಂಗಳುಗಳು ಚೆನ್ನಾಗಿರಲಿಲ್ಲ. ಮಲಗಿ ನಿದ್ದೆ ಮಾಡುತ್ತಿದ್ದೆ, ಬಗ್ಗಿ ಹಾಲು ಕರೆಯುತ್ತಿದ್ದೆ, ಅಂಗಡಿಯಲ್ಲಿ ಎದೆ ಹಿಡಿದುಕೊಳ್ಳದೆ ಹೊಲಿಯುತ್ತಿದ್ದೆ, ಎಲ್ಲ ಹೌದು. ಆದರೆ ಮನೆಯವರೆಲ್ಲ ಊಟಕ್ಕೆ ಕೂತಾಗ ನಾನು ಏನಾದರೂ ನೆಪ ಮಾಡಿ ಹಿತ್ತಲಿಗೆ ಹೋಗುತ್ತಿದ್ದೆ. ಅವರಿಗೆ ಮುದ್ದೆ, ನನಗೆ ಬಟ್ಟಲಲ್ಲಿ ಗಂಜಿ. ಹಸಿವಿಗಿಂತ ಅವಮಾನ ಹೆಚ್ಚು. ಅತ್ತೆಯಂತೂ ಆ ಭಾನುವಾರದ ಮೇಲೆ ನನ್ನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದರು. ಕೋಪ ಎಂದುಕೊಂಡೆ. ಸೊಸೆಯನ್ನು ನಾನೇ ಕೊಲ್ಲುತ್ತಿದ್ದೆನಲ್ಲ ಎಂದು ಒಳಗೇ ಕೊರಗುತ್ತಿದ್ದರಂತೆ, ಅದನ್ನು ನಮ್ಮವರು ಎಷ್ಟೋ ದಿನದ ಮೇಲೆ ಹೇಳಿದರು.

ಬೆಂಗಳೂರಿಗೆ ಮತ್ತೆ ತೋರಿಸಲು ಹೋದಾಗ ಡಾಕ್ಟರು, ಇನ್ನು ಅಗಿದು ತಿನ್ನಬಹುದು ಅಂದರು. ಮನೆಗೆ ಬಂದು ಯಾರಿಗೂ ಹೇಳದೆ ಒಲೆಯ ಪಕ್ಕ ಗೋಡೆಗೆ ಮುಖ ಮಾಡಿ ಕೂತು, ಸಣ್ಣ ತುಂಡು ಮುದ್ದೆ ಬಾಯಿಗೆ ಹಾಕಿಕೊಂಡು ಅಗಿದೆ. ಹಲ್ಲಿಗೆಲ್ಲ ಮೆತ್ತಿಕೊಂಡಿತು. ನಾಲಿಗೆಯಲ್ಲಿ ಬಿಡಿಸಿಕೊಳ್ಳುತ್ತಾ, ಕಳ್ಳಿಯ ಹಾಗೆ ಬಾಗಿಲ ಕಡೆ ನೋಡುತ್ತಾ ಅಗಿಯುತ್ತಿದ್ದೆ. ಅತ್ತೆ ಒಳಗೆ ಬಂದರು. ನನ್ನ ಬಾಯಿ ನಿಂತಿತು.

ಅತ್ತೆ ತಮಗೂ ಒಂದು ತಟ್ಟೆಗೆ ಮುದ್ದೆ ಹಾಕಿಕೊಂಡು ಬಂದು ನನ್ನ ಎದುರಿಗೆ, ಗೋಡೆಗೆ ಬೆನ್ನು ಕೊಟ್ಟು ಕೂತರು. ಮುರಿದರು, ಸಾರಿನಲ್ಲಿ ಹೊರಳಿಸಿದರು, ಬಾಯಿಗೆ ಹಾಕಿಕೊಂಡರು. ನುಂಗಲಿಲ್ಲ. ಇದ್ದ ಹಲ್ಲುಗಳಲ್ಲೇ ಈ ಕಡೆಯಿಂದ ಆ ಕಡೆಗೆ ದಬ್ಬುತ್ತಾ ಅಗಿಯತೊಡಗಿದರು.

"ನೀವ್ಯಾಕತ್ತೆ?" ಅಂದೆ.

"ಸುಮ್ಕೆ ತಿನ್ನಮ್ಮೀ. ಅಗಿಯೋರು ಇಬ್ರಿದ್ರೆ ಯಾವನ್ ನಗ್ತಾನೆ ನೋಡ್ಮಾ."

ನನಗೆ ಅಳು ಬಂತು, ಬಾಯಲ್ಲಿ ಮುದ್ದೆ ಇತ್ತು, ಎರಡನ್ನೂ ನಿಭಾಯಿಸಿಕೊಂಡು ಕೂತೆ. ಮಾರನೇ ದಿನದಿಂದ ಪಂಕ್ತಿಯಲ್ಲೇ ಕೂತೆ. ಮೊದಲ ದಿನ ನಮ್ಮವರು ನಮ್ಮಿಬ್ಬರ ಬಾಯಿ ನೋಡಿ ಏನೋ ಹೇಳಲು ಹೊರಟರು, ಅತ್ತೆ ಕಣ್ಣು ಬಿಟ್ಟರು, ಅವರು ತಮ್ಮ ಮುದ್ದೆ ತಾವು ನುಂಗಿದರು.

ಅದಾದ ಮೇಲೆ ವರ್ಷಗಳು ಹೋದವು. ಈ ಆಪರೇಷನ್ ಮಾಡಿಸಿಕೊಂಡವರು ಆಮೇಲೆ ಹೇಗಿರುತ್ತಾರೆ ಎಂದು ನನ್ನನ್ನು ಕೇಳುವವರು ಬಹಳ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನನಗೆ ತೇಗು ಸರಿಯಾಗಿ ಬರುವುದಿಲ್ಲ. ಮದುವೆ ಊಟದಲ್ಲಿ ಎಲ್ಲರೂ ತೃಪ್ತಿಯಾಗಿ ತೇಗುವಾಗ ನಾನು ಹೊಟ್ಟೆ ಸವರಿಕೊಂಡು ಕೂರುತ್ತೇನೆ. ಮೇಲೆ ಹೋಗದ ಗಾಳಿ ಕೆಳಗಿನ ದಾರಿ ಹಿಡಿಯುತ್ತದೆ, ಅದಕ್ಕೆ ಅಂಗಡಿಯಲ್ಲಿ ಮಿಷನ್ ಸದ್ದು ನನಗೆ ಉಪಕಾರ ಮಾಡಿದೆ. ಒಂದು ಸಲ ಹಳಸಿದ ಚಿತ್ರಾನ್ನ ತಿಂದು ಹೊಟ್ಟೆ ಕೆಟ್ಟಾಗ ವಾಂತಿ ಬರದೆ ಬಹಳ ಕಷ್ಟಪಟ್ಟೆ. ಊಟ ನಿಧಾನ, ಅದರಿಂದ ಬಸ್ಸು ತಪ್ಪಿಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಇಷ್ಟೆಲ್ಲ ಇದ್ದರೂ ಅಂಗಾತ ಮಲಗುತ್ತೇನೆ. ಆಪರೇಷನ್‌ಗೆ ಮುಂಚಿನ ದಿನಕ್ಕೆ ವಾಪಸು ಹೋಗುತ್ತೀಯಾ ಎಂದರೆ ಬಾಗಿಲು ಹಾಕಿಕೊಳ್ಳುತ್ತೇನೆ.

ಹೀಗೆ ಎಲ್ಲ ಮರೆತು ನೆಮ್ಮದಿಯಾಗಿದ್ದಾಗಲೇ, ಹೋದ ಅವರೆಕಾಯಿ ಕಾಲದಲ್ಲಿ, ಹಾಲು ಕರೆಯಲು ಬಗ್ಗಿದಾಗ ಎದೆ ಚುರ್ ಅಂದಿತು. ಹಳೆಯ ಉರಿ. ಹೊಲಿಗೆ ಬಿಟ್ಟಿತು ಎಂದುಕೊಂಡೆ. ಬಟ್ಟೆಯಾದರೆ ಬಿಚ್ಚಿ ನೋಡಬಹುದಿತ್ತು. ಉರಿ ದಿನಾ ಬರತೊಡಗಿತು. ಯಾರಿಗೂ ಹೇಳದೆ ಮತ್ತೆ ರಾಗಿ ಮೂಟೆಗೆ ಒರಗಿ ಕೂತೆ. ಅತ್ತೆ ನೋಡಿದರು.

"ಏನಮ್ಮೀ, ಮತ್ತೆ ಮೂಟೆ?"

"ಸೊಂಟ ನೋವು ಅತ್ತೆ."

"ಸೊಂಟ ನನ್ಗೂ ಐತೆ. ನಾನ್ಯಾವತ್ತು ಮೂಟೆ ತಬ್ಕೊಂಡಿದೀನಿ? ಓಗಿ ತೋರ್ಸ್ಕೊಂಡ್ ಬಾ."

ಈ ಸಲವೂ ಜೊತೆಗೆ ಬಂದದ್ದು ಸೆಲ್ವಿ ಅಕ್ಕನೇ. ಬಂಗಾರಪೇಟೆಯಲ್ಲಿ ರೈಲು ಹತ್ತಿ ಕೂತ ಮೇಲೆ ಅವರು ಬಾಯಿ ಮುಚ್ಚಲಿಲ್ಲ, ನಾನು ಬಾಯಿ ತೆರೆಯಲಿಲ್ಲ. ಅದೇ ಆಸ್ಪತ್ರೆ, ಅದೇ ಕಾರಿಡಾರು. ನನ್ನ ಪಕ್ಕದಲ್ಲಿ ಆಂಧ್ರದ ಕಡೆಯ ಒಬ್ಬ ಹೆಂಗಸು ಕೂತಿದ್ದಳು, ಮೂಗಿನಲ್ಲಿ ಆ ಸಣ್ಣ ನಳಿಗೆ. ನಾನು ಅವಳ ಬ್ಲೌಸು ನೋಡಲು ಶುರು ಮಾಡಿದೆ, ತೋಳಿನ ಹೊಲಿಗೆ ನೀಟಾಗಿತ್ತು. ಸೆಲ್ವಿ ಅಕ್ಕ ಸುಮ್ಮನಿರುತ್ತಾರೆಯೇ, ಈಕೆಗೂ ಇದೇ ಆಪರೇಷನ್ ಆಗಿದೆ ಎಂದು ಅವಳಿಗೆ ನನ್ನ ಜಾತಕವೆಲ್ಲ ಒಪ್ಪಿಸಿದರು. ಆ ಹೆಂಗಸು ಅತ್ತಿತ್ತ ನೋಡಿ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಅಕ್ಕಾ, ಆಪರೇಷನ್ ಅಯಿನಾಕ ಸಂಗಟಿ ದಿಗ್ತಾದಾ?"

ಸಂಗಟಿ ಅಂದರೆ ನಮ್ಮ ಮುದ್ದೆಯೇ. ಸೆಲ್ವಿ ಅಕ್ಕ ಅದನ್ನು ಕಳಿ ಅನ್ನುತ್ತಾರೆ. ಆಪರೇಷನ್ ಆದ ಮೇಲೆ ಅದು ಇಳಿಯುತ್ತದಾ ಎಂದು ಅವಳು ಕೇಳಿದ್ದು. ನಾನು ಆ ದಿನ ಕೇಳಲಾರದೆ ನುಂಗಿಕೊಂಡ ಪ್ರಶ್ನೆ ಇನ್ನೊಬ್ಬಳ ಬಾಯಲ್ಲಿ ಬಂದದ್ದು ಕೇಳಿ ನನ್ನ ಭಯ ಅರ್ಧ ಇಳಿಯಿತು. ಹೊಲಿಗೆ ನಿಂತಿದೆಯೋ ಬಿಟ್ಟಿದೆಯೋ ನನಗೇ ಗೊತ್ತಿರಲಿಲ್ಲ. ಆದರೂ ಅವಳ ಕೈ ಹಿಡಿದುಕೊಂಡು ಹೇಳಿದೆ, "ದಿಗ್ತಾದಮ್ಮಾ. ಮೊದಲು ಅಗಿಬೇಕು. ನಾಚ್ಕೋಬೇಡ. ಒಳಗೆ ಹೋದಾಗ ಡಾಕ್ಟರನ್ನೇ ಕೇಳು, ಸಂಗಟಿ ಅಂತಾನೇ ಹೇಳಿ ಕೇಳು."

ಬಾಯಿಂದ ಪೈಪು ಬಿಟ್ಟು ನೋಡಿದರು. ಆಮೇಲೆ ಡಾಕ್ಟರು ಕರೆದರು. ಅದೇ ಡಾಕ್ಟರು, ತಲೆ ಮಾತ್ರ ಬೆಳ್ಳಗಾಗಿತ್ತು. ಟಿವಿಯಂಥ ಪರದೆಯ ಮೇಲೆ ನನ್ನ ಹೊಟ್ಟೆಯ ಒಳಗನ್ನು ತೋರಿಸಿದರು. ಕೆಂಪಗೆ, ಸುತ್ತಲೂ ಒಂದು ಮಡಿಕೆ.

"ಇದೇ ನಿಮ್ಮ ಕಾಲರ್. ಇಟ್ಟ ಜಾಗದಲ್ಲೇ ಇದೆ. ನಾನು ಬೇರೆಯವರಿಗೆ ತೋರಿಸೋ ಹಾಗಿದೆ."

"ಮತ್ತೆ ಈ ಉರಿ ಸಾರ್?"

"ಮಂಡಿ ನೋವಿಗೆ ಏನಾದರೂ ಮಾತ್ರೆ ತಗೊಳ್ತಿದ್ದೀರಾ?"

ತೆಗೆದುಕೊಳ್ಳುತ್ತಿದ್ದೆ. ಮಿಷನ್ ತುಳಿದು ತುಳಿದು ಮಂಡಿ ಹಿಡಿದಿತ್ತು, ಮೆಡಿಕಲ್ ಸ್ಟೋರಿನಲ್ಲಿ ಕೊಟ್ಟದ್ದನ್ನು ನುಂಗುತ್ತಿದ್ದೆ. ಆ ಮಾತ್ರೆಯಿಂದ ಹೊಟ್ಟೆಯೊಳಗೆ ಸಣ್ಣ ಹುಣ್ಣುಗಳಾಗಿವೆ, ಅದನ್ನು ನಿಲ್ಲಿಸಿ ಇದನ್ನು ಕೆಲವು ವಾರ ತಗೊಳ್ಳಿ, ವಾಸಿಯಾಗುತ್ತದೆ ಎಂದರು. ನಾನು ಎದ್ದು ನಿಂತೆ. ಬಾಗಿಲವರೆಗೆ ಹೋಗಿ ವಾಪಸು ಬಂದೆ.

"ಸಾರ್, ಒಂದು ಕೇಳ್ಲಾ? ಹುಣ್ಣು ವಾಸಿ ಆದ್ಮೇಲೆ ಮುದ್ದೆ ನುಂಗ್ಬೌದಾ? ಅಗೀದಂಗೆ?"

ಅವರು ನಕ್ಕರು. "ಈ ಸಲ ಕೇಳಿದ್ರಲ್ಲ, ಸಂತೋಷ. ಇಷ್ಟು ವರ್ಷದಲ್ಲಿ ಏನೂ ಸಿಕ್ಕಿಕೊಂಡಿಲ್ಲ ತಾನೇ? ಸಣ್ಣ ಸಣ್ಣ ತುತ್ತು, ನಿಧಾನವಾಗಿ ನೋಡಿ. ತಡೆದ ಹಾಗಾದರೆ ನಿಲ್ಲಿಸಿಬಿಡಿ." ಆಮೇಲೆ, "ಹೊರಗೆ ಒಬ್ಬರಿಗೆ ನೀವೇ ಹೇಳಿಕೊಟ್ರಂತೆ. ಈಗತಾನೇ ಒಳಗೆ ಬಂದು ಮೊದಲ ಮಾತೇ ಸಂಗಟಿ," ಅಂದರು.

ರೈಲಿನಲ್ಲಿ ವಾಪಸು ಬರುವಾಗ ನಾನು ಬಾಯಿ ಮುಚ್ಚಲಿಲ್ಲ.

ಹುಣ್ಣು ಮಾಗುವವರೆಗೆ ಕಾದೆ. ಹಿತಕಿದ ಬೇಳೆಯ ಸಾರು ಮಾಡುವಷ್ಟು ಅವರೆಕಾಯಿ ಇನ್ನೂ ಬರುತ್ತಿತ್ತು. ಒಂದು ಭಾನುವಾರ ನಾನೇ ಬಗ್ಗಿ ಮುದ್ದೆ ತಿರುವಿದೆ. ಎಲ್ಲರೂ ಕೂತರು. ಅತ್ತೆ ನನ್ನ ಪಕ್ಕದಲ್ಲಿ. ಕಡಲೆಕಾಯಿ ಬೀಜದಷ್ಟು ಮುರಿದೆ, ಹೊರಳಿಸಿದೆ, ಕಣ್ಣು ಮುಚ್ಚಿ ನುಂಗಿದೆ.

ಇಳಿಯಿತು. ಎಲ್ಲೂ ನಿಲ್ಲದೆ, ಯಾರನ್ನೂ ಕೇಳದೆ ಸೀದಾ ಇಳಿದುಹೋಯಿತು. ಇನ್ನೊಂದು ನುಂಗಿದೆ. ಅದೂ ಇಳಿಯಿತು. ನಮ್ಮವರು ತಮ್ಮ ತುತ್ತನ್ನು ಕೈಯಲ್ಲೇ ಹಿಡಿದು ನನ್ನ ಗಂಟಲನ್ನೇ ನೋಡುತ್ತಿದ್ದರು.

"ಇಳೀತಾ?"

"ಇಳೀತು."

"ಬೈಕ್ ತೆಗಿಯೋದ್ ಬೇಡ್ವಾ?"

ನಾನು ಇಷ್ಟು ವರ್ಷದಲ್ಲಿ ಅಷ್ಟು ಜೋರಾಗಿ ನಕ್ಕಿರಲಿಲ್ಲ. ಗೆದ್ದೆ ಅನ್ನಿಸಿತು. ಯಾರ ಮೇಲೆ ಗೆದ್ದದ್ದು ಎಂದು ಕೇಳಿದರೆ ಹೇಳಲು ಬ‌ರುವುದಿಲ್ಲ, ಗೆದ್ದದ್ದು ಮಾತ್ರ ನಿಜ. ತಟ್ಟೆಯಲ್ಲಿದ್ದದ್ದನ್ನು ಸಣ್ಣ ಸಣ್ಣದಾಗಿ ನುಂಗುತ್ತಾ ಹೋದೆ. ಇನ್ನು ಅತ್ತೆಯೂ ಆ ಹಿಂಸೆಯಿಂದ ಪಾರಾದರು ಎಂದುಕೊಂಡು ಪಕ್ಕಕ್ಕೆ ತಿರುಗಿದೆ. ಅತ್ತೆಯ ದವಡೆ ಆಡುತ್ತಲೇ ಇತ್ತು. ಈಗ ಇನ್ನೂ ಕಮ್ಮಿಯಾದ ಹಲ್ಲುಗಳಲ್ಲಿ, ನಿಧಾನವಾಗಿ, ಅಗಿಯುತ್ತಲೇ ಇದ್ದರು.

"ಅತ್ತೆ, ನಾನು ನುಂಗ್ತಾ ಇದೀನಿ. ನೀವಿನ್ನು ಅಗಿಯೋದ್ ಬೇಡ."

ಅತ್ತೆ ಬಾಯಲ್ಲಿದ್ದದ್ದನ್ನು ಅಗಿದು ಮುಗಿಸಿದರು.

"ನಿನಗೋಸ್ಕರ ಸುರು ಮಾಡ್ದೆ, ನಿಜ. ಈಗ ನಾನ್ ಬಿಡಾಕಿಲ್ಲ ಕಣಮ್ಮೀ. ಉಟ್ಟಿದಾಗಿಂದ ಇಟ್ಟು ನುಂಗ್ದೆ, ರಾಗಿ ಇಷ್ಟು ಸಿಹಿ ಅಂತ ಯಾವತ್ತೂ ಗೊತ್ತೇ ಇರ್ನಿಲ್ಲ."

ನಾನು ಮುರಿದಿಟ್ಟಿದ್ದ ತುತ್ತನ್ನು ಬಾಯಿಗೆ ಹಾಕಿಕೊಂಡೆ. ನುಂಗಲು ಬರುತ್ತಿತ್ತು. ಆದರೂ ಅದೊಂದನ್ನು ಅಗಿದೆ.